ಬೋಜು ಏನಂದ?

"ಬೋಜುನಽ ವೀಕೆಸ್ಟ್! ಮುಗೀತು, ಏಳ್ರಿನ್ನ!" ಅಂತ ಆರೂಢ ನೀರಿನ ಟಾಕಿಯ ಕಟ್ಟೆ ಮೇಲೆ ನಿಂತು ಗಾಳಿಗೆ ಒಂದು ಗುದ್ದು ಗುದ್ದಿದ.

"ಹ್ಯಾಂಗ ಮುಗೀತದ? ನಾ ಇನ್ನೂ ಮಾತಾಡೇ ಇಲ್ಲ," ಅಂದಳು ಉಮಾಶ್ರೀ. ಅನ್ನುತ್ತಿದ್ದಂತೆಯೇ ಅವಳಿಗೆ ದೊಡ್ಡದೊಂದು ಆಕಳಿಕೆ ಬಂತು. ಸಿಟ್ಟಿನ ನಡುವೆ ಆಕಳಿಕೆ ಬಂದರೆ ಆ ಸಿಟ್ಟಿಗೆ ಯಾರು ಕಿಮ್ಮತ್ತು ಕೊಡತಾರ ಹೇಳ್ರಿ?

"ನೋಡ್ರಲೇ, ಬೋಜುಗ ನಿದ್ದಿ ಬಂತು!" ಆರೂಢ ಹೊಟ್ಟೆ ಹಿಡಿದುಕೊಂಡು ನಕ್ಕ.

ರೋಣದ ಒಂದು ಸಾಲಿಯ ಹಿಂದಿನ ಅಂಗಳ ಅದು. ಬಿಸಿಯೂಟ ಮುಗಿದಿತ್ತು. ಕಟ್ಟೆಯ ಸುತ್ತ ನಾಲ್ಕು ಮಂದಿ, ನಾಲ್ವರೂ ಐದನೇತ್ತಾ, ಅಂದರೆ ಐದನೇ ಕ್ಲಾಸು. ದೊಡ್ಡ ದನಿಯ ಸಿದ್ದಾರೂಢ, ಅವನನ್ನು ಎಲ್ಲರೂ ಆರೂಢ ಅನ್ನುತ್ತಾರೆ. ಇಟಗಿಯಿಂದ ದಿನಾ ಬಸ್ಸಿಗೆ ಬರುವ ಭೀಮಾಂಬಿಕಾ, ಅಂದರೆ ಭೀಮಿ. ಉಮಾಶ್ರೀಯ ಓಣಿಯವನೇ ಆದ ರಫೀಕ. ಮತ್ತೆ ನಮ್ಮ ಆಕಳಿಸುವ ಉಮಾಶ್ರೀ.

ಜಗಳ ಎಲ್ಲಾ ‘ತೂಫಾನಿ ಮುಠ್ಠಿ’ಯದು, ಅದರಲ್ಲಿ ಎಲ್ಲರಿಗಿಂತ ಕೈಲಾಗದವನು ಯಾರು ಅಂತ. ಅದನ್ನು ಕಾರ್ಟೂನ್ ಅಂದರೆ ಆರೂಢ ಮೈಮೇಲೆ ಬರುತ್ತಾನೆ. ‘ಆ್ಯನಿಮೆ’ ಅನ್ನಬೇಕಂತೆ. ಜಪಾನಿನದು, ಬರೀ ಕರಾಟೆ, ಕುಸ್ತಿ, ಗುದ್ದಾಟ. ಇವರ ಅಣ್ಣಂದಿರು ಚಡ್ಡಿ ಹಾಕುತ್ತಿದ್ದಾಗ ಸುರು ಆದದ್ದು ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಒಬ್ಬ ಗುದ್ದಲು ಕೈ ಎತ್ತಿದರೆ ಆ ಗುದ್ದು ಬೀಳುವುದು ಮುಂದಿನ ಎಪಿಸೋಡಿನಲ್ಲಿ!

ಈ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕ್ಯಾರೆಕ್ಟರ್. ಆರೂಢ ಯಾವಾಗಲೂ ರೈಗೋ, ಹೀರೋ. ಭೀಮಿ ಬೀಸಣಿಕೆ ಹಿಡಿದು ಹೊಡೆದಾಡುವ ಕಿನಾಮಿ. ರಫೀಕ ತಾಶು. ತಾಶು ಹೊಡೆದಾಡುವುದು ಅಷ್ಟಕ್ಕಷ್ಟೇ, ಹಿಂದೆ ನಿಂತು "ಎಡಕ್ಕ ಹೊಡಿ, ಬಲಕ್ಕ ಹೊಡಿ" ಅಂತ ಒದರುವುದೇ ಜಾಸ್ತಿ. ಉಮಾಶ್ರೀ ಗುಂಪಿಗೆ ಸೇರಿದ್ದು ಕಡೆಗೆ. ಅಷ್ಟರಲ್ಲಿ ಚಲೋ ಚಲೋ ಹೆಸರೆಲ್ಲಾ ಹೋಗಿ ಬೋಜು ಒಬ್ಬ ಉಳಿದಿದ್ದ.

ಬೋಜು ಕುಳ್ಳ, ಗುಂಡಗೆ ಗಡಿಗೆಯಂಗ ಇದ್ದಾನೆ. ಯಾವ ಫೈಟಿಗಾದರೂ ಎಲ್ಲರಿಗಿಂತ ಮೊದಲು ಹೋಗುತ್ತಾನೆ, ಎಲ್ಲರಿಗಿಂತ ಮೊದಲು ಬೀಳುತ್ತಾನೆ. ಆಮೇಲೆ ರೈಗೋ ಬಂದು ಗೆಲ್ಲುತ್ತಾನೆ. ರೈಗೋಗೆ ಚಪ್ಪಾಳೆ, ಬೋಜುಗೆ ತಲೆಗೆ ಪಟ್ಟಿ.

"ಆ ಮೊಸಳಿ ಮಾರಿಯವನ್ನ ಅರ್ಧಾ ಎಪಿಸೋಡ್ ಯಾರು ತಡದಿದ್ರು? ಬೋಜುನಽ," ಅಂದಳು ಉಮಾಶ್ರೀ. "ನಿಮ್ಮ ರೈಗೋ ಆಗ ಎಲ್ಲಿ ಇದ್ದ? ಗುಡ್ಡದ ಮ್ಯಾಲೆ ಕಣ್ಣು ಮುಚ್ಕೊಂಡು ಕುಂತಿದ್ದ!"

"ಪವರ್ ತುಂಬಸ್ಕೊಳ್ಳಾಕ ಕುಂತಿದ್ದ! ಅಷ್ಟೂ ತಿಳೀವಲ್ದು?" ಆರೂಢನಿಗೆ ತನ್ನ ಅಪ್ಪನಿಗೇ ಬೈದಷ್ಟು ಸಿಟ್ಟು ಬಂತು. "ಬೋಜು ತಡದು ಏನ ಮಾಡಿದ? ಬಿದ್ದ. ಬಿದ್ದ ಮ್ಯಾಲೆ ಏನಂದ? ಏ ರಫೀಕ, ನೀನಽ ಹೇಳ."

ಎಲ್ಲರೂ ರಫೀಕನ ಕಡೆ ನೋಡಿದರು. ಯಾಕಂದರೆ ತೂಫಾನಿ ಮುಠ್ಠಿ ಮಾತಾಡುವುದು ಹಿಂದಿಯಲ್ಲಿ. ಇವರ ಸಾಲಿಯಲ್ಲಿ ಹಿಂದಿ ಸುರು ಆಗುವುದು ಆರನೇತ್ತಾದಿಂದ. ನಾಲ್ವರಲ್ಲಿ ಮನೆಯೊಳಗೆ ಉರ್ದು ಆಡುವವನು ರಫೀಕ ಒಬ್ಬನೇ. ಹಾಗಾಗಿ ಯಾರು ಏನಂದರು ಅಂತ ಕನ್ನಡದಲ್ಲಿ ಹೇಳುವ ಕೆಲಸ ಅವನದು. ಅವನು ಹೇಳಿದ್ದೇ ವೇದವಾಕ್ಯ.

"ಎಲ್ಲಾ ಫೈಟಿನಾಗೂ ಕಡೀಗೆ ಹಂಗಽ ಅಂತಾನ," ಅಂದ ರಫೀಕ, ಉಮಾಶ್ರೀಯ ಮಾರಿ ನೋಡದೆ. "‘ನಾ ಸೋತೆ’ ಅಂತಾನ."

"ಕೇಳಿದ್ರಿಲ್ಲ? ಆಂವಽ ಒಪ್ಕೊಂಡ ಮ್ಯಾಲೆ ನಿಂದೇನ ನಡುವ ವಕೀಲಕಿ?"

ಬೋಜು ತಾನೇ ಸೋತೆ ಅಂದರೆ ಉಮಾಶ್ರೀ ಏನು ಮಾಡಬೇಕು?

"ನಾಳಿ ಶನಿವಾರ," ಅಂದ ಆರೂಢ. "ಮುಂಜಾನಿ ಸಾಲಿ ಬಿಟ್ಟ ಮ್ಯಾಲೆ ಬಸ್‌ಸ್ಟ್ಯಾಂಡಿನಾಗ ಓಟಿಂಗ್. ಯಾರದು ವೀಕೆಸ್ಟ್ ಆಗತೈತಿ, ಅವರ್ನ ಇನ್ನ ಮ್ಯಾಲೆ ಆ ಹೆಸರಲೇ ಕರಿಯೋದು. ಪರ್ಮನೆಂಟ್."

ಪರ್ಮನೆಂಟ್! ಆ ಮಾತಿಗೆ ಉಮಾಶ್ರೀಯ ನಿದ್ದೆಯೆಲ್ಲಾ ಹಾರಿಹೋಯಿತು.

ನೀವು ಬೇರೆ ಊರಿನವರಿದ್ದರೆ ನಗಬಹುದು. ಒಂದು ಹೆಸರಿಗೆ ಏನು ಅಷ್ಟು ಹೆದರಿಕೆ ಅಂತ. ಆದರೆ ನಮ್ಮ ಕಡೆ ಒಮ್ಮೆ ಒಂದು ಹೆಸರು ಬಿತ್ತು ಅಂದರೆ ಅದು ಮೈಮೇಲಿನ ಹಚ್ಚೆ ಇದ್ದಂಗ. ಉಮಾಶ್ರೀಯ ಓಣಿಯಲ್ಲೇ ಬಳೆ ಅಂಗಡಿ ಗೌಸುಸಾಬ ಇದ್ದಾರೆ. ಗಡ್ಡ ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ. ಸಣ್ಣವರಿದ್ದಾಗ ಎಂದೋ ಒಮ್ಮೆ ಬಿಸ್ಕೀಟು ಬೇಕು ಅಂತ ಸಾಲಿಯಲ್ಲಿ ಹೊರಳಾಡಿ ಅತ್ತಿದ್ದರಂತೆ. ಇವತ್ತಿಗೂ ಅವರು ಬಿಸ್ಕೀಟ್ ಗೌಸು. ಮಗಳ ಲಗ್ನಪತ್ರಿಕೆಯಲ್ಲೂ ‘ಬಿಸ್ಕೀಟ್’ ಅಂತ ಛಾಪಿಸಿದ್ದರು. ಇಲ್ಲದಿದ್ದರೆ ಯಾರ ಮಗಳ ಲಗ್ನ ಅಂತ ಮಂದಿಗೆ ತಿಳಿಯುತ್ತಿರಲಿಲ್ಲ!

‘ಬೋಜು ಉಮಾಶ್ರೀ.’ ತನ್ನ ಲಗ್ನಪತ್ರಿಕೆ ಕಣ್ಣ ಮುಂದೆ ಬಂದು ಉಮಾಶ್ರೀಗೆ ಅಳುವೇ ಬಂತು.

ಸಂಜೆ ಅವಳು ಅವ್ವನ ದಾರಿ ಕಾಯುತ್ತಾ ಮನೆಯ ಕಟ್ಟೆಯ ಮೇಲೆ ಕೂತಳು. ಖರೇ ಹೇಳಬೇಕಂದರೆ ಅವ್ವನ ದಾರಿ ಅಲ್ಲ, ಅವ್ವನ ಫೋನಿನ ದಾರಿ. ಬೋಜು ಗೆದ್ದದ್ದು ಒಂದಾದರೂ ಎಪಿಸೋಡು ಸಿಕ್ಕರೆ ನಾಳೆ ಆರೂಢನ ಬಾಯಿಗೆ ಬೀಗ ಜಡಿಯಬಹುದು. ಮನೆಯಲ್ಲಿ ಇದ್ದದ್ದು ಅದೊಂದೇ ಫೋನು, ಅದು ದಿನವೆಲ್ಲಾ ಅವ್ವನ ಜೊತೆ ಊರೂರು ತಿರುಗುತ್ತದೆ.

ಅವಳ ಅವ್ವ ನಿರ್ಮಲಾ, ಬಸ್ಸಿನ ಕಂಡಕ್ಟರ್. ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ, ಮತ್ತೆ ಹೊಳ್ಳಿ ಅದೇ ದಾರಿ. ಕೋಳಿ ಕೂಗುವ ಮೊದಲೇ ಎದ್ದು ಹೋಗುತ್ತಾಳೆ. ಅವ್ವ ಎದ್ದಾಗ ಲೈಟು ಹತ್ತುತ್ತದೆ, ಉಮಾಶ್ರೀಗೂ ಎಚ್ಚರ ಆಗುತ್ತದೆ. ಸಾಲಿಯ ಆಕಳಿಕೆ ಅಲ್ಲಿಂದಲೇ ಸುರು.

ಆಯಿ, ಅಂದರೆ ಅಜ್ಜಿ, ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವ್ವ ಬಂದಳು. ಬಂದವಳು ಒಳಗೆ ಬರಲಿಲ್ಲ, ಹೊಸ್ತಿಲ ಮೇಲೇ ಕುಸಿದು ಕೂತಳು.

"ಅವ್ವಾ, ಫೋನ್ ಕೊಡ! ಲಗೂ!"

"ಚಾರ್ಜ್ ಇಲ್ಲವ್ವಾ, ಮಧ್ಯಾಹ್ನನಽ ಸತ್ತೈತಿ," ಅಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ಯವ್ವಾ... ಸೋತೆ. ಇವತ್ತ ಖರೇನ ಸೋತೆ."

ಎಲ್ಲಿ ಹೋದರೂ ಅದೇ ಮಾತು! ಉಮಾಶ್ರೀಗೆ ಮೂಗಿನ ತುದಿಗೇ ಸಿಟ್ಟು ಬಂತು. "ನೀನೂ ಸೋತಿ? ಯಾರಿಗೆ ಸೋತಿ? ಯಾರ ಕೂಡ ಜಗಳಾ ಆತು?" ಅಂತ ಒದರಿದಳು.

ಅವ್ವ ಕಣ್ಣು ತೆರೆದು ಮಗಳನ್ನು ನೋಡಿದಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ ಅನ್ನಿಸುತ್ತದೆ.

"ಯಾರಿಗೆ ಸೋಲಲೇ ನಮ್ಮವ್ವಾ? ಕಾಲು ಸೋತಾವ. ಬಾಯಿ ಸೋತೈತಿ. ಮುಂಜಾನಿಂದ ನಿಂತಽ ಇದ್ದೇನಿ. ನರಗುಂದದಾಗ ಸಂತಿಗೆ ಬಂದವ್ರು, ಇಲ್ಲಿ ದವಾಖಾನಿಗೆ ಬಂದವ್ರು, ಕಾಲಿಡಾಕ ಜಾಗಾ ಇಲ್ಲ. ಹೆಣ್ಮಕ್ಕಳಿಗೆ ಫ್ರೀ ಆದ್ರೂ ಒಬ್ಬೊಬ್ಬರಿಗೂ ಟಿಕೀಟು ಹರದು ಕೊಡಬೇಕಲ್ಲ."

"ಅಕಿ ಸೋತು ಸುಣ್ಣಾಗಿ ಬಂದಾಳ, ಇದು ಬಂದಕೂಡ್ಲೇ ಫೋನು ಫೋನು ಅಂತೈತಿ," ಆಯಿ ಒಳಗಿನಿಂದ ಗದರಿದಳು. "ಮೊದಲ ಒಂದು ತಂಬಗಿ ನೀರು ಕೊಡ ಅಕಿಗೆ!"

ಉಮಾಶ್ರೀ ನೀರು ತರಲು ಹೋದಳು. ನೀರಿನ ಹಂಡೆಯಲ್ಲಿ ತಂಬಿಗೆ ಅದ್ದಿದವಳು ಹಾಗೇ ನಿಂತುಬಿಟ್ಟಳು.

ಕಾಲು ಸೋತಾವ. ಸೋತು ಸುಣ್ಣ. ಹುಟ್ಟಿದಾಗಿನಿಂದ ಕೇಳಿದ ಮಾತು. ಆಯಿ ಹೊಲದಿಂದ ಬಂದಾಗಲೂ ಅದನ್ನೇ ಅನ್ನುತ್ತಿದ್ದಳು. ಆಗೆಲ್ಲಾ ಆಯಿಗೆ ಯಾರು ಹೊಡೆದು ಬೀಳಿಸಿರುತ್ತಿದ್ದರು?

ಅವಳು ನೀರು ತಂದಾಗ ಅವ್ವ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಒಂದು ಕಾಲಿನ ಬೂಟು ಬಿಚ್ಚಿತ್ತು, ಇನ್ನೊಂದು ಹಾಗೇ ಇತ್ತು. ಉಮಾಶ್ರೀ ತಂಬಿಗೆ ಕೆಳಗಿಟ್ಟು ಆ ಬೂಟು ಮೆಲ್ಲಗೆ ಬಿಚ್ಚಿದಳು. ಕಾಲ್ಚೀಲದ ಗುರುತು ಕಾಲಿನ ಸುತ್ತ ಬರೆ ಎಳೆದಂಗ ಮೂಡಿತ್ತು, ಪಾದ ಬಾತಿತ್ತು. ಅವಳಿಗೆ ಕೆಡುಕೆನಿಸಿತು.

"ಆಯಿ, ರಫೀಕನ ಮನಿಗೆ ಹೋಗಿ ಬರತೇನಿ. ಈಗ ಬಂದೆ!"

ರಫೀಕನ ಮನೆಯಲ್ಲಿ ಅವನ ಅಮ್ಮಿ ಕಾಶೀಂಬಿ ಹೊಲಿಗೆ ಮಶೀನಿನ ಮುಂದೆ ಕೂತಿದ್ದರು. ರಫೀಕ ಅಲ್ಲೇ ಬದಿಗೆ ಕೂತು ಬ್ಲೌಜಿಗೆ ಹುಕ್ಕು ಹಚ್ಚುತ್ತಿದ್ದ. ಉಮಾಶ್ರೀಯನ್ನು ಕಂಡವನೇ ಬ್ಲೌಜನ್ನು ಬೆನ್ನ ಹಿಂದೆ ಅಡಗಿಸಿದ.

"ಏ, ಅದನ್ನ ಯಾರಿಗೂ ಹೇಳಂಗಿಲ್ಲ ಬಿಡ," ಅಂದಳು ಉಮಾಶ್ರೀ. "ಬೋಜು ಬಿದ್ದಾಗ ಹಿಂದಿಯೊಳಗ ಏನಂತಾನ? ಆಂವ ಅಂದಂಗಽ ಹೇಳ. ಕನ್ನಡಾ ಮಾಡಬ್ಯಾಡ."

"‘ಮೈ ಥಕ್ ಗಯಾ’ ಅಂತಾನ. ಯಾಕ?"

"ಥಕ್ ಗಯಾ ಅಂದ್ರ?"

"ಸೋತೆ ಅಂತ. ಹೇಳೇನಲ್ಲ!" ರಫೀಕ ಅಮ್ಮಿಯ ಕಡೆ ಕೈ ಮಾಡಿದ. "ನಮ್ಮ ಅಮ್ಮಿ ಮಶೀನ್ ಬಿಟ್ಟು ಏಳೋವಾಗ ದಿನಾ ಅಂತಾರ, ‘ಥಕ್ ಗಯೀ’ ಅಂತ. ನಿಮ್ಮ ಆಯಿ ಅದನ್ನಽ ಕನ್ನಡದಾಗ ‘ಸೋತೆ’ ಅಂತಾಳ."

"ಮತ್ತ ಕಬಡ್ಡಿಯೊಳಗ ಸೋತ್ರ? ಅದಕ್ಕ ಏನಂತೀರಿ?"

"ಅದಕ್ಕ ‘ಹಾರ್ ಗಯಾ’."

"ಅದಕ್ಕೂ ಕನ್ನಡದಾಗ ಏನಂತಾರ?"

"ಸೋತೆ..." ಅಂದ ರಫೀಕ. ಅಂದವನು ಬಾಯಿ ತೆರೆದುಕೊಂಡೇ ಕೂತ.

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದರು. ಅವನ ಮನೆಯಲ್ಲಿ ಎರಡು ಮಾತು, ಅವಳ ಮನೆಯಲ್ಲಿ ಒಂದೇ ಮಾತು. ಫಜೀತಿ ಆದದ್ದು ಅಲ್ಲೇ!

"ನಾ ತಪ್ಪು ಹೇಳಿಲ್ಲ!" ರಫೀಕ ಅಳುವ ದನಿ ಮಾಡಿದ.

"ಹೇಳಿಲ್ಲೋ ಮಾರಾಯಾ. ನಾವಽ ತಪ್ಪು ತಿಳ್ಕೊಂಡ್ವಿ. ಬೋಜು ಹಾರ್ ಗಯಾ ಅಂತ ಒಮ್ಮೆರೆ ಅಂದಾನೇನ?"

ರಫೀಕ ಒಂದೊಂದೇ ಫೈಟನ್ನು ಬೆರಳ ಮೇಲೆ ಎಣಿಸಿದ. "ಇಲ್ಲ," ಅಂದ. "ಒಮ್ಮೆನೂ ಅಂದಿಲ್ಲ."

"ನಾಳಿ ಆರೂಢನ ಮುಂದ ಹೇಳತಿ?"

"ಹೇಳತೇನಿ," ಅಂದ ರಫೀಕ. ಆದರೆ ಅವನ ದನಿ ಸಣ್ಣಗಾಗಿತ್ತು. ಖುಷಿಯಲ್ಲಿದ್ದ ಉಮಾಶ್ರೀಗೆ ಅದು ತಿಳಿಯಲಿಲ್ಲ.

ಮರುದಿನ ಮುಂಜಾನೆ ಸಾಲಿ ಬಿಟ್ಟ ಮೇಲೆ ನಾಲ್ವರೂ ಬಸ್‌ಸ್ಟ್ಯಾಂಡಿಗೆ ಬಂದರು. ಇಟಗಿ ಮೇಲೆ ಹೋಗುವ ಗಜೇಂದ್ರಗಡದ ಬಸ್ಸು ಇನ್ನೂ ಬಂದಿರಲಿಲ್ಲ. ಬಿಸಿಲು ಏರಿತ್ತು. ಮಂದಿ ಚೀಲ, ಕೊಡ, ಕೂಸು ಎಲ್ಲಾ ಹೊತ್ತುಕೊಂಡು ನೆರಳು ಹುಡುಕುತ್ತಿದ್ದರು.

"ಬೋಜು ವೀಕೆಸ್ಟ್ ಅನ್ನೋರು ಕೈ ಎತ್ತರಿ," ಅಂದ ಆರೂಢ.

"ತಡಿ," ಅಂದ ರಫೀಕ. ನಿನ್ನೆ ಒಪ್ಪಿಕೊಂಡಂತೆ ಎಲ್ಲವನ್ನೂ ಹೇಳಿದ. ಥಕ್ ಗಯಾ ಬೇರೆ, ಹಾರ್ ಗಯಾ ಬೇರೆ. ಬೋಜು ದಣಿದೆ ಅಂದಾನೇ ಹೊರತು ಸೋಲೊಪ್ಪಿಲ್ಲ ಅಂತ.

"ಅಂದ್ರ ಇಷ್ಟ ದಿನಾ ನಾವು ಸುಳ್ಳಽ ಜಗಳಾಡಿದ್ವಿ?" ಅಂದಳು ಭೀಮಿ.

ಆರೂಢ ತಲೆ ಕೆರೆದುಕೊಂಡ. ಅವನಿಗೆ ದನಿ ದೊಡ್ಡದು, ಆದರೆ ಮೋಸ ಮಾಡುವ ಹುಡುಗ ಅಲ್ಲ. "ಮತ್ತ ಬೀಳತಾನಲ್ಲ?" ಅಂದ.

"ಬಿದ್ದರ? ಮುಂದಿನ ಫೈಟಿಗೆ ಮತ್ತ ಮೊದಲ ಹೋಗೋರು ಯಾರು?" ಅಂದಳು ಉಮಾಶ್ರೀ. "ಬ್ಯಾಡ ಅಂದಾನೇನ ಒಮ್ಮೆರೆ?"

ಆರೂಢ ಎಪಿಸೋಡುಗಳನ್ನೆಲ್ಲಾ ಮನಸ್ಸಿನಲ್ಲಿ ತಿರುವಿ ನೋಡಿದ. ಒಂದೂ ಸಿಗಲಿಲ್ಲ. "ಆತು ಬಿಡ. ಬೋಜು ಕ್ಯಾನ್ಸಲ್," ಅಂದ.

ಉಮಾಶ್ರೀಗೆ ಒಂದು ಮಣ ಭಾರ ಇಳಿಸಿದಂತೆ ಆಯಿತು. ಇನ್ನು ಸಾಲಿಯಲ್ಲಿ ಯಾರೂ ಬೋಜು ಅನ್ನುವುದಿಲ್ಲ. ಲಗ್ನಪತ್ರಿಕೆ ಉಳಿಯಿತು!

"ಹಂಗಾರ ವೀಕೆಸ್ಟ್ ಯಾರು?" ಆರೂಢ ಬೆರಳು ಮಡಚಿದ. "ರೈಗೋ ಅಲ್ಲ. ಕಿನಾಮಿ ಅಲ್ಲ. ಉಳದಂವ ತಾಶು! ಆಂವ ಫೈಟೇ ಮಾಡಂಗಿಲ್ಲ. ಏ ತಾಶು! ಪರ್ಮನೆಂಟ್ ತಾಶು!"

ಉಮಾಶ್ರೀ ರಫೀಕನ ಕಡೆ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಹಿಂಗ ಆಗುತ್ತದೆ ಅಂತ ಅವನಿಗೆ ನಿನ್ನೆಯೇ ಗೊತ್ತಿತ್ತು. ಗೊತ್ತಿದ್ದೂ ಬಂದು ಹೇಳಿದ್ದ.

"ಭೀಮಿ, ನಿನ್ನ ಓಟು?"

"ಹಂಗೂ ಅನ್ನಬಹುದು, ಹಿಂಗೂ ಅನ್ನಬಹುದು," ಅಂತ ಭೀಮಿ ಅಡ್ಡಗ್ವಾಡಿ ಮೇಲೆ ದೀಪಾ ಇಟ್ಟಳು. "ಉಮಾ ಹೇಳಲಿ."

ಉಮಾಶ್ರೀ ಹೇಳಬೇಕು ಅನ್ನುವಷ್ಟರಲ್ಲಿ ಬಸ್ಸು ಬಂತು. ಅದು ಅವ್ವನ ಬಸ್ಸು. ನಿಲ್ಲುವ ಮೊದಲೇ ಮಂದಿ ಬಾಗಿಲಿಗೆ ಮುಗಿಬಿದ್ದರು. ಕಿಟಕಿಯಿಂದ ಟಾವೆಲ್ಲು ಒಗೆದರು, ಚೀಲ ತುರುಕಿದರು. ಒಳಗಿದ್ದವರು ಇಳಿಯಲಾರದೆ ಒದರಿದರು.

"ಇಳಿಯೋರು ಇಳೀಲಿ ತಡೀರಿ! ಅಣ್ಣಾರ, ಹಿಂದ ಸರೀರಿ! ಯಜಮಾನ್ರ, ಆ ಚೀಲಾ ನನ್ನ ಕೈಯಾಗ ಕೊಡ್ರಿ!" ಅವ್ವನ ದನಿ ಒಡೆದಿತ್ತು. ಒಬ್ಬ ಅಜ್ಜನನ್ನು ಕೈ ಹಿಡಿದು ಇಳಿಸಿದಳು. ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳನ್ನು ಹತ್ತಿಸಿ, "ಎಲ್ಲೂ ಜಾಗಾ ಇಲ್ಲವ್ವಾ, ನನ್ನ ಸೀಟಿನಾಗ ಕುಂದ್ರು," ಅಂದಳು.

ಭೀಮಿಯೂ ಹತ್ತಿ ಹೇಗೋ ಕಿಟಕಿ ಹಿಡಿದಳು. "ಆಂಟಿ, ನಿಮಗ ಸೀಟು?" ಅಂತ ಕೇಳಿದಳು.

"ನಂದೇನ ಬಿಡವ್ವಾ, ನಿಂತೇನಲ್ಲ," ಅಂದಳು ಅವ್ವ.

ಕಡೆಯವರು ಹತ್ತಿದ ಮೇಲೆ ಅವ್ವ ಬಾಗಿಲ ಹತ್ತಿರದ ಕಂಬಕ್ಕೆ ಹಣೆ ಆನಿಸಿದಳು. ಒಂದೇ ಒಂದು ಗಳಿಗೆ, ಕಣ್ಣು ಮುಚ್ಚಿದಳು. ಮಂದಿ ಯಾರೂ ನೋಡಲಿಲ್ಲ, ಉಮಾಶ್ರೀ ನೋಡಿದಳು. ಬಾಯಿಂದ ಮಾತು ಬರದಿದ್ದರೂ ಅವ್ವ ಏನಂದಳು ಅಂತ ಅವಳಿಗೆ ಗೊತ್ತಾಯಿತು. ಮರುಗಳಿಗೆ ಅವ್ವ ತಲೆ ಎತ್ತಿ, ಟಿಕೀಟಿನ ಮಶೀನು ಕೈಗೆ ತಗೊಂಡು, "ಮುಂದ ಸರೀರಿ, ಮುಂದ ಜಾಗಾ ಐತಿ!" ಅಂತ ಗದ್ದಲದೊಳಗೆ ನುಗ್ಗಿದಳು.

ಉಮಾಶ್ರೀಗೆ ಕರುಣೆ ಬಂತು, ಜೊತೆಗೆ ಎದೆ ಉಬ್ಬಿ ಬಂದಂಗೂ ಆಯಿತು. ಎರಡೂ ಒಮ್ಮೆಗೇ ಬಂದರೆ ಏನು ಮಾಡಬೇಕು ಅಂತ ಅವಳಿಗೆ ತಿಳಿಯಲಿಲ್ಲ.

"ಲಗೂ ಹೇಳ್ರಿ, ಬಸ್ಸು ಬಿಡತೈತಿ!" ಭೀಮಿ ಕಿಟಕಿಯಿಂದ ಕೂಗಿದಳು. "ಓಟು ಯಾರಿಗೆ?"

"ಓಟು ಬ್ಯಾಡ," ಅಂದಳು ಉಮಾಶ್ರೀ. "ತಾಶು ಬ್ಯಾಡ. ಬೋಜು ನಾನಽ ಇರತೇನಿ."

"ಹುಚ್ಚಿ ಅದಿಯೇನ?" ಆರೂಢನಿಗೆ ತಲೆ ಕೆಟ್ಟುಹೋಯಿತು. "ಈಗಷ್ಟ ಕ್ಯಾನ್ಸಲ್ ಮಾಡಿಸಿದಿ! ಪರ್ಮನೆಂಟ್ ಆಗತೈತಿ ನೋಡ ಮತ್ತ!"

"ಆಗವಲ್ದ್ಯಾಕ, ಆಗಲಿ."

"ವೀಕೆಸ್ಟ್ ಅಂತ ಒಪ್ಕೊಂಡಂಗ!"

"ಒಪ್ಕೊಂಡಿಲ್ಲ. ಹೆಸರು ಅಷ್ಟ ನಂದು."

ರಫೀಕ ತಲೆ ಎತ್ತಿ ಅವಳನ್ನು ನೋಡಿದ. ಏನೋ ಹೇಳಲು ಹೋದ, ಅಷ್ಟರಲ್ಲಿ ಅವ್ವ ಸೀಟಿ ಊದಿದಳು. ಬಸ್ಸು ಹೊಗೆ ಬಿಟ್ಟು ಅಲುಗಿತು.

"ಬೋಜೂ! ಟಾಟಾ! ಬೋಜೂಽಽ!" ಭೀಮಿ ಕಿಟಕಿಯಿಂದ ಕೈ ಹೊರಗೆ ಹಾಕಿ ಅಷ್ಟು ಜೋರು ಒದರಿದಳು ಅಂದರೆ ಸ್ಟ್ಯಾಂಡಿನ ಮಂದಿಯೆಲ್ಲಾ ಹೊಳ್ಳಿ ನೋಡಿದರು. ಕಡಲೆ ಮಾರುವವನೂ ನೋಡಿದ.

"ಕೈ ಒಳಗ ತಗೋ ಹುಡುಗಿ!" ಅಂತ ಗದರುತ್ತಾ ಅವ್ವ ಬಾಗಿಲಿಗೆ ಬಂದಳು. ಕಂಬ ಹಿಡಿದು ಬಗ್ಗಿ, ಇಷ್ಟು ಮಂದಿಯೊಳಗೆ ಬೋಜು ಅನ್ನುವವರು ಯಾರಪ್ಪಾ ಅಂತ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹುಡುಕಿದಳು.

ಉಮಾಶ್ರೀ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹತ್ತಿ ಎರಡೂ ಕೈ ಎತ್ತಿದಳು.

"ನಾನಽ ಅವ್ವಾ!" ಅಂತ ಕೂಗಿದಳು. "ಬೋಜು ನಾನಽ!"